ತೊಳೆದ ನೆಲದ ಕುರಿಗಳು

ಯಜಮಾನಿ ಮತ್ತೆ ಮನೆ ಬಿಟ್ಟು ಹೋಗಿದ್ದಳು. ಯಾರದೋ ಸಂಸಾರದ ಗುಟ್ಟು ರಟ್ಟು ಮಾಡುತ್ತಿದ್ದೇನೆ ಎಂದುಕೊಳ್ಳಬೇಡಿ. ಯಜಮಾನಿ ಎಂದರೆ ನಮ್ಮ ಕುರಿ. ನಮ್ಮ ಶೆಡ್ಡಿಗೂ ಚಿಕ್ಕಮ್ಮನ ಶೆಡ್ಡಿಗೂ ನಡುವೆ ಒಂದು ಕಿರುಬಾಗಿಲಿತ್ತು. ಅದರ ಚಿಲಕವನ್ನು ಮೂತಿಯಿಂದ ಎತ್ತುವುದನ್ನು ಆ ಕುರಿ ಅದು ಹೇಗೋ ಕಲಿತುಬಿಟ್ಟಿತ್ತು. ಬೆಳಗಾದರೆ ಸಾಕು, ಚಿಕ್ಕಮ್ಮನ ಶೆಡ್ಡಿನ ಮೂಲೆಯಲ್ಲಿ, ಒಣಹುಲ್ಲಿನ ಮೇಲೆ ಕಾಲು ಮಡಿಸಿಕೊಂಡು, ತವರಿಗೆ ಬಂದ ಮಗಳ ಹಾಗೆ ಆರಾಮಾಗಿ ಮೆಲುಕು ಹಾಕುತ್ತಾ ಮಲಗಿರುತ್ತಿತ್ತು.

ಅಮ್ಮ ಸೊಂಟಕ್ಕೆ ಕೈ ಕೊಟ್ಟು ಕಿರುಬಾಗಿಲಲ್ಲಿ ನಿಂತಳು.

"ಲೇ ನಿಧಾನೀ, ನನ್ನ ಕುರಿ ಬಿಡೇ!"

ಚಿಕ್ಕಮ್ಮ ಮರಿಯೊಂದರ ಕಿವಿ ಒರೆಸುತ್ತಾ ಕೂತಿದ್ದಳು. ತಲೆ ಎತ್ತುವುದಕ್ಕೂ ಅವಳಿಗೆ ಒಂದಿಷ್ಟು ಹೊತ್ತು ಬೇಕು.

"ನಾನೆಲ್ಲಿ ಹಿಡ್ಕೊಂಡಿದೀನಿ ಅಕ್ಕಾ? ಅದಾಗೇ ಬಂದಿದೆ. ಕರೀರಿ, ಬರುತ್ತೆ."

"ಅದಾಗೇ ಬಂತಂತೆ! ಕುರಿಗೆ ಚಿಲಕ ತೆಗೆಯೋಕೆ ಯಾರು ಹೇಳ್ಕೊಟ್ರು, ನಿಮ್ಮಪ್ಪನಾ?"

ಚಿಕ್ಕಮ್ಮ ನಕ್ಕಳು. ನಗಬಾರದಿತ್ತು. ಅಮ್ಮ ನಾಲಿಗೆ ಮಡಿಸಿ ಕುರಿ ಕರೆಯುವ ಸದ್ದು ಮಾಡಿದಳು. ಯಜಮಾನಿ ಎದ್ದು ಬಂದಿತು, ಅಮ್ಮ ಕರೆದರೆ ಅದು ಎಲ್ಲಿದ್ದರೂ ಬರುತ್ತಿತ್ತು. ಆದರೆ ಬಾಗಿಲು ದಾಟುವಾಗ ಒಮ್ಮೆ ತಿರುಗಿ ಆ ಹುಲ್ಲಿನ ಕಡೆ ನೋಡಿತು. ಅದನ್ನು ನಾನೂ ನೋಡಿದೆ, ಅಮ್ಮನೂ ನೋಡಿದಳು. ಆ ದಿನವೆಲ್ಲ ನಮ್ಮ ಅಡುಗೆಮನೆಯ ಪಾತ್ರೆಗಳಿಗೆ ಉಳಿಗಾಲವಿರಲಿಲ್ಲ.

ನಮ್ಮಮ್ಮನಿಗೆ ಹೊಟ್ಟೆಕಿಚ್ಚು ಜಾಸ್ತಿ. ಬೆನ್ನ ಹಿಂದೆ ಆಡುತ್ತಿರುವ ಮಾತಲ್ಲ ಇದು, ಎದುರಿಗೇ ಹೇಳಿ ಬೈಸಿಕೊಂಡಿದ್ದೇನೆ. ಪಕ್ಕದ ಮನೆಯ ಟೀ ನಮ್ಮದಕ್ಕಿಂತ ಕೆಂಪಗಿದ್ದರೂ ಅವಳಿಗೆ ತಡೆಯುತ್ತಿರಲಿಲ್ಲ. ಅಪ್ಪ ವ್ಯಾನ್ ಓಡಿಸುವವನು. ಯಾವಳೋ ಟೀಚರಮ್ಮ ಒಂದು ಸಲ ಮುಂದಿನ ಸೀಟಿನಲ್ಲಿ ಕೂತು ಬಂದಳೆಂದು ಅವನ ಜೊತೆ ವಾರಗಟ್ಟಲೆ ಮಾತು ಬಿಟ್ಟಿದ್ದಳಂತೆ. ಆದರೆ ಇವೆಲ್ಲ ಸಣ್ಣಪುಟ್ಟ ಕಿಡಿಗಳು. ದೊಡ್ಡ ಬೆಂಕಿ ಇದ್ದದ್ದು ಚಿಕ್ಕಮ್ಮನ ಮೇಲೆ, ಅಂದರೆ ಚಿಕ್ಕಪ್ಪನ ಹೆಂಡತಿಯ ಮೇಲೆ. ಅವಳಿಗೆ 'ನಿಧಾನಿ' ಎಂದು ಹೆಸರಿಟ್ಟವಳು ಅಮ್ಮನೇ. ಅಮ್ಮನಿಗೆ 'ಗಡಿಬಿಡಿ' ಎಂದು ಹೆಸರಿಟ್ಟದ್ದು ಇಡೀ ಬೀದಿ.

ಹೆಸರು ಸುಳ್ಳಲ್ಲ. ಅಮ್ಮ ನಡೆದರೆ ಓಡಿದ ಹಾಗೆ, ಬಾಗಿಲು ಹಾಕಿದರೆ ಗೋಡೆಯ ಮಣ್ಣು ಉದುರಬೇಕು. ಮದುವೆಗೆ ಮುಂಚೆ ಅವಳು ದೊಡ್ಡಾಸ್ಪತ್ರೆಯಲ್ಲಿ ನೆಲ ತೊಳೆಯುವ ಕೆಲಸದಲ್ಲಿದ್ದಳು. ಆಪರೇಷನ್ ಕೋಣೆಯ ಮುಂದಿನ ಉದ್ದನೆಯ ಹಾದಿ ಅವಳ ಪಾಲಿನದು. ಅಲ್ಲಿನ ಹೆಡ್ ನರ್ಸ್ ಯಾರನ್ನೂ ಹೊಗಳುವ ಪೈಕಿಯಲ್ಲ. ಅಂಥವರು ಒಂದು ದಿನ, "ನೀನು ತೊಳೆದ ನೆಲದಲ್ಲಿ ಮುಖ ನೋಡ್ಕೋಬಹುದು ಕಣೇ" ಅಂದರಂತೆ. ಈ ಮಾತನ್ನು ನಾನು ಊಟದ ಹೊತ್ತಿಗೆಲ್ಲ ಕೇಳುತ್ತಾ ಬೆಳೆದವಳು. ನಗು ಬರುತ್ತಿತ್ತು, ಆದರೆ ಒಂದು ನಿಜ ಹೇಳಬೇಕು: ಅವಳ ಬದುಕಿನಲ್ಲಿ ಬೇರೆ ಯಾರೂ ಅವಳನ್ನು ಬಾಯಿ ತುಂಬ ಹೊಗಳಿರಲಿಲ್ಲ. ತವರಿನಲ್ಲಿ ಹೊಗಳಿಕೆಯೆಲ್ಲ ಬೆಳ್ಳಗಿದ್ದ ಅಕ್ಕನಿಗೆ ಹೋಗುತ್ತಿತ್ತು. ಇಲ್ಲಿಗೆ ಬಂದ ಮೇಲೆ ಮೆಲ್ಲಗೆ ಮಾತಾಡುವ ಓರಗಿತ್ತಿಗೆ ಹೋಯಿತು.

ಕುರಿ ಸಾಕುತ್ತಿದ್ದವನು ತಾತ. ಊರಂಚಿನಲ್ಲಿ ಒಂದು ಉದ್ದನೆಯ ದೊಡ್ಡಿ, ಅದರಾಚೆ ಎಲ್ಲರ ಕುರಿಗಳೂ ಮೇಯುವ ಬಯಲು. ನಾನು ಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಒಂದು ಕುರಿ ಮರಿ ಹಾಕಿ ಸತ್ತಿತು. ಅಂಗೈಯಗಲದ ಆ ಮರಿಯನ್ನು ತಾತ ಅಮ್ಮನ ಕೈಗೆ ಕೊಟ್ಟ. ಅಮ್ಮ ಅದನ್ನು ಒಲೆಯ ಪಕ್ಕದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ನನ್ನದೇ ಹಳೆಯ ಹಾಲಿನ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದಳು. ನನಗೆ ಜ್ವರ ಬಂದಾಗಲೂ ಅವಳು ಅಷ್ಟು ಸಲ ಎದ್ದು ಮುಟ್ಟಿ ನೋಡಿದವಳಲ್ಲ. ಆ ಮರಿಯನ್ನು ಕಂಡರೆ ನನ್ನ ಮೈಯೆಲ್ಲ ಉರಿಯುತ್ತಿತ್ತು. ಅಮ್ಮನ ಮಗಳೇ ಅಲ್ಲವೇ ನಾನು!

ಮರಿ ಬೆಳೆದು ಹಿಂಡಿನ ಮುಂದಾಳಾಯಿತು. ಅದು ಎತ್ತ ತಿರುಗಿದರೆ ಹಿಂಡೆಲ್ಲ ಅತ್ತ. ಅದಕ್ಕೇ ಯಜಮಾನಿ ಎಂಬ ಹೆಸರು. ತಾತ ಹಾಸಿಗೆ ಹಿಡಿದಾಗ ಕುರಿಗಳನ್ನು ಇಬ್ಬರು ಗಂಡುಮಕ್ಕಳಿಗೂ ಸಮನಾಗಿ ಹಂಚಿದ. ದೊಡ್ಡಿಯ ನಡುವೆ ಗೋಡೆ ಎದ್ದಿತು. ಟಗರು ಮಾತ್ರ ಒಂದೇ ಇದ್ದುದರಿಂದ ಅದು ಅತ್ತಿತ್ತ ಓಡಾಡಲೆಂದು ಗೋಡೆಯಲ್ಲಿ ಆ ಕಿರುಬಾಗಿಲು ಬಿಟ್ಟರು. ನಾಳೆ ಮರಿಗಳ ವಿಷಯಕ್ಕೆ ಜಗಳ ಬರಬಾರದೆಂದು ತಾತ ಒಂದು ಕಟ್ಟಳೆ ಮಾಡಿದ: ತಾಯಿ ಯಾರದೇ ಆಗಿರಲಿ, ಮರಿ ಯಾರ ಶೆಡ್ಡಿನ ನೆಲಕ್ಕೆ ಬಿತ್ತೋ ಅವರದು. ಮುಂದೆ ಚಿಕ್ಕಮ್ಮನ ಕುರಿಯೊಂದು ದಾರಿ ತಪ್ಪಿ ಬಂದು ನಮ್ಮ ಕಡೆ ಮರಿ ಹಾಕಿದಾಗ, ಅಮ್ಮ ಇದೇ ಕಟ್ಟಳೆಯನ್ನು ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳಿ ಆ ಮರಿಯನ್ನು ಇಟ್ಟುಕೊಂಡಳು. ಚಿಕ್ಕಮ್ಮ ತುಟಿ ಪಿಟಕ್ಕೆನ್ನಲಿಲ್ಲ. ಅದಕ್ಕೂ ಅಮ್ಮನಿಗೆ ಸಿಟ್ಟು, ಜಗಳ ಆಡಬೇಕಿತ್ತಂತೆ.

ಪಾಲಾದ ಮರುವಾರವೇ ಅಮ್ಮ ತನ್ನ ಭಾಗದ ನೆಲಕ್ಕೆ ಸಿಮೆಂಟ್ ಹಾಕಿಸಿದಳು. ಎಂಥಾ ಸಿಮೆಂಟ್ ಅಂತೀರಿ, ನುಣ್ಣಗೆ, ಆಸ್ಪತ್ರೆಯ ಹಾದಿಯ ಹಾಗೇ. ನಲ್ಲಿಯಿಂದ ಪೈಪು ಎಳೆದು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೀರು ಬಿಟ್ಟು ಉಜ್ಜುತ್ತಿದ್ದಳು. ಒಂದು ಹಿಕ್ಕೆ ಬೀಳುವ ಹಾಗಿಲ್ಲ. ಕುರಿಗಳು ಬಾಲ ಎತ್ತಿದರೆ ಪೊರಕೆ ಹಿಡಿದು ಹಿಂದೆಯೇ ಓಡುತ್ತಿದ್ದಳು. ಗೋಡೆಯ ಆಚೆ ಚಿಕ್ಕಮ್ಮ ನೆಲವನ್ನು ಮಣ್ಣಾಗಿಯೇ ಬಿಟ್ಟಳು, ಒಂದಿಷ್ಟು ಎತ್ತರಿಸಿ ಇಳಿಜಾರು ಮಾಡಿದಳು, ಅಷ್ಟೇ. ಒಣಪೊರಕೆಯಲ್ಲಿ ಗುಡಿಸುವುದು, ಮೇಲೆ ಹುಲ್ಲು ಹರಡುವುದು, ನೆನೆದ ಹುಲ್ಲನ್ನು ತೆಗೆದು ಹೊಸದು ಹಾಕುವುದು. ನೀರು ಅನ್ನುವುದು ಕುಡಿಯುವ ತೊಟ್ಟಿ ದಾಟಿ ಒಳಗೆ ಬರುತ್ತಿರಲಿಲ್ಲ.

"ಗಲೀಜು," ಅನ್ನುತ್ತಿದ್ದಳು ಅಮ್ಮ, ಮೂಗು ಮುರಿದು. "ನನ್ನ ಶೆಡ್ಡಲ್ಲಿ ಎಲೆ ಹಾಕಿ ಊಟ ಮಾಡ್ಬಹುದು. ಅವಳದ್ರಲ್ಲಿ ಕಾಲಿಡೋಕಾಗುತ್ತಾ?"

"ಕುರಿಗೆ ಎಲೆ ಊಟ ಯಾಕೆ ಬೇಕು?" ಎಂದು ಅಪ್ಪ ಒಂದು ಸಲ ಕೇಳಿದ. ಆಮೇಲೆ ಕೇಳಲಿಲ್ಲ.

ಒಂದೇ ಬಯಲಿನ ಹುಲ್ಲು, ಒಂದೇ ಕೆರೆಯ ನೀರು, ಒಂದೇ ಟಗರು. ಆದರೂ ಚಿಕ್ಕಮ್ಮನ ಕುರಿಗಳು ಮೈ ತುಂಬಿಕೊಂಡವು, ನಮ್ಮವು ಬಡಕಲಾದವು. ಅಲ್ಲಿ ಅವಳಿ ಮರಿಗಳು ನೆಗೆದಾಡಿದರೆ ಇಲ್ಲಿ ಒಂಟಿ ಮರಿ ಎದ್ದು ನಿಲ್ಲಲು ಒದ್ದಾಡುತ್ತಿತ್ತು. ಉಣ್ಣೆ ಕತ್ತರಿಸುವವನು ಬಂದಾಗ ಮೊದಲು ನಮ್ಮ ಶೆಡ್ಡು, ಆಮೇಲೆ ಅವರದು. ಅವನಿಗೋ ಬಾಯಿಗೆ ಬೀಗವೇ ಇಲ್ಲ.

"ನಿಮ್ಮ ಕುರಿ ಉಣ್ಣೆ ಕೈಗೆ ಬಂದ್ರೆ ಚೂರುಚೂರು ಕಣಮ್ಮ, ಕಾಲಿನ ಹತ್ರ ಎಲ್ಲಾ ಒದ್ದೆ. ಆ ಕಡೇದು ನೋಡಿ, ಹೊದಿಕೆ ಎತ್ತಿದ ಹಾಗೆ ಇಡೀದಾಗಿ ಬರುತ್ತೆ."

"ನಿನ್ನ ಕತ್ತರಿ ಮೊಂಡಾಗಿದೆ," ಅಂದಳು ಅಮ್ಮ.

"ಅಲ್ಲಿಗೂ ಇದೇ ಕತ್ತರೀನೇ ತಗೊಂಡು ಹೋಗೋದು."

ಅವತ್ತು ಅವನಿಗೆ ನಮ್ಮ ಮನೆಯಲ್ಲಿ ಟೀ ಸಿಗಲಿಲ್ಲ. ಗೋಡೆಯಾಚೆ ಕೂತು ಎರಡು ಲೋಟ ಕುಡಿದು, ಸೊರ್ ಎಂದು ಸದ್ದು ಮಾಡಿ ಕುಡಿದು ಹೋದ. ಅಮ್ಮ ಅದನ್ನೂ ಲೆಕ್ಕಕ್ಕೆ ಹಿಡಿದಳು.

ಹೊಟ್ಟೆಕಿಚ್ಚಿನವರು ಸುಮ್ಮನೆ ಕೂತು ಉರಿದುಕೊಂಡರೆ ಯಾರಿಗೂ ತೊಂದರೆಯಿಲ್ಲ. ನಮ್ಮಮ್ಮ ಗಡಿಬಿಡಿ, ಸುಮ್ಮನೆ ಕೂರುವವಳಲ್ಲ. ಗುಣದಲ್ಲಿ ಮುಂದಾಗದಿದ್ದರೆ ಎಣಿಕೆಯಲ್ಲಾದರೂ ಮುಂದಾಗುತ್ತೇನೆಂದು ಅದೇ ಜಾಗಕ್ಕೆ ಇನ್ನಷ್ಟು ಕುರಿಗಳನ್ನು ತಂದು ತುಂಬಿದಳು. ನಿಧಾನಿಯ ಕಣ್ಣು ಬೀಳುತ್ತಿದೆ ಎಂದು ಶೆಡ್ಡಿನ ನಾಲ್ಕು ಕಡೆಯೂ ಸೂರಿನವರೆಗೆ ತಗಡು ಹೊಡೆಸಿದಳು. ಗಾಳಿ ನಿಂತಿತು. ತೊಳೆದ ನೀರು ಆರುವ ಮಾತೇ ಇಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಉಚ್ಚೆಯ ಘಾಟು ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ಬರುತ್ತಿತ್ತು. ಕುರಿಗಳ ಕಣ್ಣಲ್ಲೂ ಬರುತ್ತಿತ್ತು. ಘಾಟು ಬಂದಷ್ಟೂ ಅಮ್ಮ ಹೆಚ್ಚು ತೊಳೆದಳು.

ಅವಳಿಗೆ ಉಳಿದಿದ್ದ ಹೆಮ್ಮೆ ಒಂದೇ. ಬೆಳಿಗ್ಗೆ ಬಾಗಿಲು ತೆಗೆದಾಗ ನಮ್ಮ ಕುರಿಗಳೆಲ್ಲ ಎದ್ದು ನಿಂತಿರುತ್ತಿದ್ದವು. ಒಂದೂ ತಪ್ಪದೆ.

"ನೋಡೇ, ನನಗೋಸ್ಕರ ಎದ್ದು ಕಾಯ್ತಿರ್ತವೆ. ಆ ನಿಧಾನಿ ಬಾಗಿಲು ತೆಗೆದ್ರೆ ಒಂದಾದ್ರೂ ಏಳುತ್ತಾ? ಕಾಲು ಚಾಚಿ ಬಿದ್ದಿರ್ತವೆ. ಯಾರಿಗೆ ಮರ್ಯಾದೆ ಕೊಡ್ಬೇಕು ಅಂತ ಕುರಿಗಳಿಗೂ ಗೊತ್ತು."

ಬಯಲಿಗೆ ಹೋದರೆ ಕತೆ ತಿರುಗುಮುರುಗು. ಚಿಕ್ಕಮ್ಮನ ಕುರಿಗಳು ತಲೆ ತಗ್ಗಿಸಿ ಮೇಯುತ್ತಲೇ ಇರುತ್ತಿದ್ದವು. ನಮ್ಮವು ಮರದ ಬುಡ ಕಂಡ ಕೂಡಲೇ ದೊಪ್ಪನೆ ಬಿದ್ದುಕೊಳ್ಳುತ್ತಿದ್ದವು. "ಮೇಯೋಕೆ ಕರ್ಕೊಂಡು ಬಂದ್ರೆ ಮಲಗ್ತಾವೆ, ಸೋಮಾರಿ ಮುಂಡೇವು!" ಎಂದು ಅಮ್ಮ ಕೋಲು ಆಡಿಸಿ ಎಬ್ಬಿಸುತ್ತಿದ್ದಳು. ಎದ್ದವು ನಾಲ್ಕು ಹೆಜ್ಜೆ ಹೋಗಿ ಮತ್ತೆ ಬೀಳುತ್ತಿದ್ದವು. ಬಯಲಿನ ಆ ತುದಿಯಿಂದ ಚಿಕ್ಕಮ್ಮ ಇದನ್ನೆಲ್ಲ ನೋಡುತ್ತಿದ್ದಳು, ಏನೂ ಹೇಳುತ್ತಿರಲಿಲ್ಲ. ಹೇಳಿದ್ದರೂ ಅಮ್ಮ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಯಜಮಾನಿ ಆ ಕಡೆಗೆ ಹೋಗಲು ಶುರು ಮಾಡಿದ್ದು ಹೀಗಿರುವಾಗಲೇ. ಮೊದಲ ಸಲ ಅಮ್ಮ ನಂಬಲಿಲ್ಲ. ಎರಡನೆಯ ಸಲ ಚಿಕ್ಕಮ್ಮನ ಕೈ ಹಿಡಿದು ಮೂಸಿ ನೋಡಿದಳು, ಉಪ್ಪು ತಿನ್ನಿಸಿ ಒಲಿಸಿಕೊಂಡಿದ್ದಾಳೆಂದು. ಆ ಕೈಯಲ್ಲಿ ಸೋಪಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಆಮೇಲೆ ಬಕೆಟ್ ಬೋರಲು ಹಾಕಿ ಅದರ ಮೇಲೆ ಹತ್ತಿ, ತಗಡಿನ ಸಂದಿಯಲ್ಲಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗೋಡೆಯಾಚೆ ಕಾವಲು ಕಾದಳು. ಒಂದು ಮಧ್ಯಾಹ್ನ ಪೂರ್ತಿ ನೋಡಿ ಇಳಿದು ಬಂದಾಗ ಅವಳ ಮುಖ ಸಪ್ಪಗಿತ್ತು.

"ಏನ್ ಮಾಡ್ತಾಳೆ?" ಅಂದೆ.

"ಏನೂ ಮಾಡಲ್ಲ. ಸುಮ್ನೆ ಕೂತಿರ್ತಾಳೆ. ಅವೂ ಸುಮ್ನೆ ಮಲಗಿರ್ತವೆ." ಬಕೆಟ್ಟನ್ನು ಕಾಲಿಂದ ಒದ್ದಳು. "ನಾನು ಬೆನ್ನು ಮುರಿಯೋ ಹಾಗೆ ದುಡೀತೀನಿ. ಸುಮ್ನೆ ಕೂತವಳ ಹತ್ರ ಹೋಗುತ್ತಲ್ಲೇ ಅದು!"

ಬೇರೆ ಯಾವ ಕುರಿ ಹೋಗಿದ್ದರೂ ಅಮ್ಮ ಬೈದು ಮರೆಯುತ್ತಿದ್ದಳು. ಇದು ಅವಳ ಬಾಟಲಿ ಹಾಲು ಕುಡಿದ ಕುರಿ.

ಕುರಿಗಳಿಗೆ ಕುಂಟು ಶುರುವಾದಾಗ ಅಪ್ಪ ಹೋಗಿ ದನದ ಡಾಕ್ಟರಮ್ಮನನ್ನು ಕರೆತಂದ. ಅವರು ಒಂದೊಂದೇ ಕುರಿಯ ಕಾಲೆತ್ತಿ ಗೊರಸು ಬಿಡಿಸಿ ನೋಡಿ ಮುಖ ಕಿವುಚಿದರು.

"ಗೊರಸು ಕೊಳೀತಿದೆ. ನೆಲ ಒಣಗೋಕೆ ಬಿಡಿ. ಈ ತಗಡು ತೆಗೆಸಿ, ಗಾಳಿ ಆಡ್ಲಿ. ಇಷ್ಟು ಜಾಗಕ್ಕೆ ಇಷ್ಟೊಂದು ಕುರಿ ಜಾಸ್ತಿ ಆಯ್ತು. ಪಕ್ಕದ ಶೆಡ್ ನೋಡಿದೀರಾ, ಎಷ್ಟು ಚೆನ್ನಾಗಿಟ್ಟಿದಾರೆ!"

ಆ ಕೊನೆಯ ಮಾತೊಂದನ್ನು ಡಾಕ್ಟರಮ್ಮ ಆಡದಿದ್ದರೆ ನಮ್ಮ ಕುರಿಗಳು ಅವತ್ತೇ ಬದುಕಿಕೊಳ್ಳುತ್ತಿದ್ದವು. ಅಮ್ಮನಿಗೆ ಅದೊಂದೇ ಕೇಳಿಸಿತು. ಅವರು ಕೊಟ್ಟ ಔಷಧಿಯನ್ನು ಗೊರಸಿಗೆ ಹಚ್ಚಿದಳು, ಆದರೆ ಅವರು ಹೇಳಿದ್ದನ್ನು ಗಾಳಿಗೆ ತೂರಿದಳು. "ಅವಳ ಹತ್ರ ಟೀ ಕುಡಿದು ಬಂದು ನನಗೆ ಬುದ್ಧಿ ಹೇಳ್ತಾರೆ" ಎಂದು ಫಿನಾಯಿಲ್ ತರಿಸಿ, ಇನ್ನೂ ಒಂದು ಸಲ ಜಾಸ್ತಿ ತೊಳೆಯತೊಡಗಿದಳು. ನಾನು ರೇಗಿದೆ. ಅವಳು ನನ್ನ ಮೇಲೆ ರೇಗಿದಳು. ನಮ್ಮಿಬ್ಬರದೂ ಒಂದೇ ನಾಲಿಗೆ, ಅಪ್ಪ ಎದ್ದು ವ್ಯಾನ್ ಒರೆಸಲು ಹೋದ.

ಹೋಗುವ ಮುಂಚೆ ಡಾಕ್ಟರಮ್ಮ ಯಜಮಾನಿಯ ಹೊಟ್ಟೆ ಮುಟ್ಟಿ ನೋಡಿ, ಗಬ್ಬವಾಗಿದೆ, ವಯಸ್ಸಾಗಿರುವುದರಿಂದ ಇದೇ ಕೊನೆಯದು ಎಂದಿದ್ದರು. ಯಜಮಾನಿ ಅಲ್ಲಿಯವರೆಗೆ ಹಾಕಿದ್ದೆಲ್ಲ ಗಂಡು, ಎಲ್ಲ ಮಾರಿಹೋಗಿದ್ದವು. ಅದರ ಹೊಟ್ಟೆಯಲ್ಲಿ ಒಂದು ಹೆಣ್ಣು ಹುಟ್ಟಿ ತನ್ನ ಹಿಂಡಿನ ಮುಂದೆ ನಡೆಯಬೇಕೆಂದು ಅಮ್ಮನಿಗೆ ಬಹಳ ಆಸೆ. ಈ ಸಲವಂತೂ ಆ ಆಸೆ ಹುಚ್ಚಾಯಿತು. ಮರಿ ಆ ಕಡೆಯ ನೆಲಕ್ಕೆ ಬಿದ್ದರೆ ಕಟ್ಟಳೆಯ ಪ್ರಕಾರ ನಿಧಾನಿಯ ಪಾಲು. ಅಮ್ಮ ಪೇಟೆಗೆ ಹೋಗಿ ಅಂಗೈಯಷ್ಟು ದೊಡ್ಡ ಬೀಗ ತಂದು ಕಿರುಬಾಗಿಲಿಗೆ ಜಡಿದಳು. ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಆಮೇಲೆ ಮಳೆ ಹಿಡಿಯಿತು. ಬಯಲೆಲ್ಲ ಕೆಸರು. ಕುರಿಗಳನ್ನು ಹೊರಗೆ ಬಿಡುವಂತಿಲ್ಲ, ಹಗಲೂ ರಾತ್ರಿಯೂ ಶೆಡ್ಡೇ. ನಾನು ಸ್ಕೂಲ್ ಬ್ಯಾಗ್ ಹೊಲಿಯುವ ಕಡೆ ಕೆಲಸಕ್ಕಿದ್ದೆ. ಅಲ್ಲಿ ಮಷೀನುಗಳ ಕೆಳಗೆ ನೀರು ನುಗ್ಗಿತೆಂದು ರಜೆ ಕೊಟ್ಟಿದ್ದರು. ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯುತ್ತಿರುವಾಗ ಅಮ್ಮ ಶೆಡ್ಡಿನಿಂದ ಕೂಗಿದಳು.

ಯಜಮಾನಿಗೆ ನೋವು ಶುರುವಾಗಿತ್ತು. ಮುಂಗಾಲಲ್ಲಿ ನೆಲ ಕೆರೆಯುತ್ತಿತ್ತು. ಸಿಮೆಂಟಿನಲ್ಲಿ ಏನು ಕೆರೆಯುವುದು, ಗೊರಸು ಜಾರುತ್ತಿತ್ತು. ಮಂಡಿಯೂರುವುದು, ನೀರು ತಾಗಿದ ಕೂಡಲೇ ಎದ್ದುಬಿಡುವುದು. ಸುತ್ತ ಬೇರೆ ಕುರಿಗಳು ಒತ್ತಿಕೊಂಡು ನಿಂತಿದ್ದವು, ಸರಿಯಲು ಅವಕ್ಕೂ ಜಾಗವಿಲ್ಲ. ನಾನು ಗೋಣಿಚೀಲ ತಂದು ಹಾಸಿದೆ, ನೋಡನೋಡುತ್ತಿದ್ದಂತೆ ನೆನೆದು ತೊಪ್ಪೆಯಾಯಿತು. ಹಳೆಯ ಹೊದಿಕೆ ಹಾಸಿದೆ, ಅದೂ ಅಷ್ಟೇ. ಡಾಕ್ಟರಮ್ಮನಿಗೆ ಫೋನ್ ಮಾಡಿದರೆ ಸೇತುವೆಯ ಮೇಲೆ ನೀರು ಹರಿಯುತ್ತಿದೆ, ಬರುವುದು ಕಷ್ಟ ಎಂದರು.

"ಮಲಕ್ಕೋ ತಾಯಿ, ಮಲಗಿದ್ರೆ ತಾನೇ ಮರಿ ಬರೋದು," ಎಂದು ಅಮ್ಮ ಗೋಗರೆದಳು. ಅದು ಕೇಳಲಿಲ್ಲ. ಕೊನೆಗೆ ತಾನೇ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತು, ಅದರ ಕುತ್ತಿಗೆ ತಬ್ಬಿ ತೊಡೆಯ ಮೇಲೆ ಎಳೆದುಕೊಂಡಳು. ಅದು ಒಂದು ಗಳಿಗೆ ತಲೆಯಿಟ್ಟಿತು. ಅಮ್ಮ ಅದರ ಹಣೆ ಸವರುತ್ತಾ ಕೂತಳು. ಮಳೆ ತಗಡಿನ ಮೇಲೆ ಬಡಿಯುತ್ತಿತ್ತು, ಮಾತಾಡಿದರೂ ಕೇಳುವಂತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅಮ್ಮ ಒಂದು ಕಡೆಗೆ ವಾಲಿ ಕೂತಳು. ಆಮೇಲೆ ಇನ್ನೊಂದು ಕಡೆಗೆ. ಉಟ್ಟ ಬಟ್ಟೆ ಸೊಂಟದವರೆಗೂ ನೆನೆದಿತ್ತು, ತುಟಿ ನಡುಗುತ್ತಿತ್ತು. ಕೆಮ್ಮು ಬಂದು ಕಣ್ಣೊರೆಸಿಕೊಂಡಳು. ನಿಂತಾಗ ಮೂಗಿಗೆ ಬರುವ ಘಾಟು ಬೇರೆ, ಕೂತಾಗ ಬರುವುದು ಬೇರೆ. ಕೊನೆಗೆ ತಾಳಲಾರದೆ, ಗೋಡೆಗೆ ಕೈಕೊಟ್ಟು ಎದ್ದು ನಿಂತಳು.

ಎದ್ದವಳು ಸುತ್ತಲಿನ ಕುರಿಗಳನ್ನು ನೋಡಿದಳು. ಎಲ್ಲವೂ ನಿಂತಿದ್ದವು. ಎರಡು ಕುರಿಗಳು ನಿಂತಲ್ಲೇ ತೂಕಡಿಸಿ ಮುಗ್ಗರಿಸಿ ಮತ್ತೆ ನೆಟ್ಟಗಾದವು.

"ಇವ್ಯಾಕೆ ನಿಂತೇ ಇವೆ?" ಅಂದಳು, ನನ್ನನ್ನಲ್ಲ, ಗೋಡೆಯನ್ನು ಕೇಳಿದ ಹಾಗೆ.

ನನಗೆ ಸಿಟ್ಟು ನೆತ್ತಿಗೇರಿತು. "ಮಲಗೋಕೆ ಎಲ್ಲಮ್ಮ ಜಾಗ? ನಿನ್ನ ಕೈಲೇ ಕೂರೋಕಾಗ್ಲಿಲ್ಲ. ಅವು ರಾತ್ರಿಯೆಲ್ಲಾ ಎಲ್ಲಿ ಕೂರ್ಬೇಕು?"

"ರಾತ್ರಿಯೆಲ್ಲಾ?"

"ರಾತ್ರಿಯೆಲ್ಲಾ."

"ದಿನಾ?"

ನಾನು ತಲೆಯಾಡಿಸಿದೆ. ಅಮ್ಮನ ಮುಖ ಸಣ್ಣದಾಗಿತ್ತು. ಅವಳನ್ನು ನೂರು ಸಲ ಬೈದಿದ್ದೇನೆ, ಆದರೆ ಆ ಮುಖ ನೋಡಿದ ಮೇಲೆ ಬೈಯಬೇಕೆನಿಸಲಿಲ್ಲ. ಮರ್ಯಾದೆ ಅಂದುಕೊಂಡಿದ್ದಳಲ್ಲ ಪಾಪ, ಇಷ್ಟು ದಿನ.

ಅಷ್ಟರಲ್ಲಿ ಯಜಮಾನಿ ಬೇರೆ ಕುರಿಗಳನ್ನು ಸರಿಸಿಕೊಂಡು ಕಿರುಬಾಗಿಲ ಹತ್ತಿರ ಹೋಗಿತ್ತು. ಮೂತಿಯಿಂದ ಚಿಲಕ ಎತ್ತಿತು. ಬೀಗ ತಡೆಯಿತು. ಬೀಗವನ್ನೇ ಮೂತಿಯಿಂದ ಎತ್ತಿ ಬಿಟ್ಟಿತು, ಅದು ಟಣ್ ಎಂದು ಬಾಗಿಲಿಗೆ ಬಡಿಯಿತು. ಮತ್ತೆ ಎತ್ತಿತು. ನೋವು ಬಂದಾಗ ಬೆನ್ನು ಬಾಗಿಸಿ ನಿಲ್ಲುವುದು, ನೋವು ಹೋದ ಕೂಡಲೇ ಮತ್ತೆ ಬೀಗ. ಬಾಲದ ಕೆಳಗೆ ನೀರಿನ ಚೀಲ ಕಾಣಿಸಿಕೊಂಡಿತ್ತು.

ಅಮ್ಮ ಸೊಂಟದ ಕೀಲಿಕೈ ಹಿಡಿದುಕೊಂಡು ನಿಂತಳು. ಹೇಳುವುದೇನಿದೆ, ಅವಳಿಗೆ ಎಲ್ಲ ಗೊತ್ತಿತ್ತು: ಇಲ್ಲಿ ಹಾಕಿದರೆ ಮರಿ ಅವಳದು, ಉಳಿದರೆ. ಅಲ್ಲಿ ಹಾಕಿದರೆ ಉಳಿಯುತ್ತದೆ, ಅವಳದಲ್ಲ. ಕೀಲಿಕೈಯನ್ನು ಬೀಗದ ಹತ್ತಿರ ತಂದಳು, ಹಿಂದಕ್ಕೆ ತೆಗೆದಳು. "ಅವಳಿಗೇ ಸಿಗ್ಬೇಕಾ ಇದೂ?" ಎಂದು ಹಲ್ಲು ಕಚ್ಚಿಕೊಂಡು ಅಂದಳು. ಯಜಮಾನಿ ತಲೆ ತಿರುಗಿಸಿ ಅವಳ ಮೊಣಕೈಯನ್ನು ದೂಡಿತು. ಮರಿಯಾಗಿದ್ದಾಗ ಹಾಲು ಕೇಳಲು ಹಾಗೆಯೇ ದೂಡುತ್ತಿತ್ತು. ಅಮ್ಮ ಬೀಗ ತೆಗೆದಳು.

ಚಿಕ್ಕಮ್ಮ ಆ ಕಡೆಯೇ ಇದ್ದಳು. ಕುರಿ ಒಳಗೆ ಬಂದ ರೀತಿ ನೋಡಿದವಳೇ ಎದ್ದು, ಅವಳ ಜೀವಮಾನದಲ್ಲೇ ಮೊದಲ ಸಲ ಚುರುಕಾಗಿ, ತನ್ನ ಕುರಿಗಳನ್ನು ಬದಿಗೆ ಅಟ್ಟಿ ಮೂಲೆಯಲ್ಲಿ ಹೊಸ ಹುಲ್ಲು ಸುರಿದಳು. ಯಜಮಾನಿ ಒಂದು ಸುತ್ತು ಸುತ್ತಿ, ಹುಲ್ಲನ್ನು ಎರಡು ಸಲ ಕೆರೆದು, ನಿಟ್ಟುಸಿರು ಬಿಟ್ಟು ಮಲಗಿತು. ಆಮೇಲೆ ಯಾರ ಸಹಾಯವೂ ಬೇಕಾಗಲಿಲ್ಲ. ಮುಂಗಾಲುಗಳು ಬಂದವು, ಅವುಗಳ ಮೇಲೆ ಮೂತಿ ಬಂತು, ಜರ್ರೆಂದು ಇಡೀ ಮರಿ ಬಂತು. ಚಿಕ್ಕಮ್ಮ ಹುಲ್ಲಿನಿಂದ ಅದರ ಮೂಗು ಒರೆಸಿದಳು. ಅದು ಸೀನಿತು. ಯಜಮಾನಿ ಅದನ್ನು ನೆಕ್ಕತೊಡಗಿತು.

ಅಮ್ಮ ಕಿರುಬಾಗಿಲಲ್ಲೇ ನಿಂತಿದ್ದಳು. ಒಳಗೆ ಕಾಲಿಡಲಿಲ್ಲ. ಒಂದು ಕಡೆಯಿಂದ ಮಳೆಗಾಳಿ ಆ ಶೆಡ್ಡಿನ ಜಾಲರಿಯಿಂದ ಒಳಗೆ ಬರುತ್ತಿತ್ತು. ಸುತ್ತಲೂ ಚಿಕ್ಕಮ್ಮನ ಕುರಿಗಳು ಒಂದೊಂದಾಗಿ ಮತ್ತೆ ಮಲಗಿಕೊಂಡವು.

"ಹೆಣ್ಣು ಮರಿ ಅಕ್ಕಾ," ಅಂದಳು ಚಿಕ್ಕಮ್ಮ.

ಅಮ್ಮ ಕಣ್ಣು ಮುಚ್ಚಿಕೊಂಡಳು.

ಚಿಕ್ಕಮ್ಮ ಕೈಯಲ್ಲಿನ ಲೋಳೆಯನ್ನು ಹುಲ್ಲಿಗೆ ಒರೆಸಿಕೊಂಡು, ಅಮ್ಮನ ಹತ್ತಿರ ಬಂದು, ಮೆಲ್ಲಗೆ ಹೇಳಿದಳು: "ಮರಿ ನಿಮ್ದೇ ಅಕ್ಕ. ಮಾವ ಹೇಳಿದ್ದು ಅವರ ಕಾಲಕ್ಕೆ ಆಯ್ತು. ತಗೊಂಡು ಹೋಗಿ."

ಒಳ್ಳೆಯವಳಾಗುವ ಅವಕಾಶವೊಂದು ಬಾಕಿಯಿತ್ತು, ಅದನ್ನೂ ನಿಧಾನಿಯೇ ಹೊಡೆದುಕೊಂಡಳು. ಅಮ್ಮನ ಮುಖದಲ್ಲಿ ಅದು ಚೆನ್ನಾಗಿ ಕಾಣುತ್ತಿತ್ತು. ಕೈ ಮುಂದಕ್ಕೆ ಬಂದೇಬಿಟ್ಟಿತ್ತು, ಮರಿಯ ಕಡೆಗೆ. ಅಲ್ಲೇ ನಿಂತಿತು. ಅಮ್ಮ ತಿರುಗಿ ನಮ್ಮ ಶೆಡ್ಡಿನ ಒಳಗೆ ನೋಡಿದಳು. ತೊಳೆದ ನೆಲ ಫಳಫಳ ಹೊಳೆಯುತ್ತಿತ್ತು.

"ತಗೊಂಡು ಹೋಗಿ ಎಲ್ಲಿ ಮಲಗಿಸ್ಲಿ?" ಅಂದಳು.

ಚಿಕ್ಕಮ್ಮನೂ ಬಗ್ಗಿ ಆ ನೆಲವನ್ನು ನೋಡಿದಳು.

"ಮರಿ ನಿಂದು. ಕಟ್ಟಳೆ ಅಂದ್ರೆ ಕಟ್ಟಳೆ, ನಾನೂ ಒಂದು ಸಲ ಇಟ್ಕೊಂಡಿದೀನಿ. ಅದರ ತಾಯಿನೂ ಇಲ್ಲೇ ಇರ್ಲಿ. ಹಾಲು ಕುಡಿಸೋಕೆ ಬೇಕಲ್ಲ."

"ಮರಿ ಹಾಲು ಬಿಟ್ಟ ಮೇಲೆ ಕಳಿಸ್ತೀನಿ ಅಕ್ಕ."

"ಕಳಿಸು ಅಂದ್ನಾ ನಾನು?"

"ಒಂದಿಷ್ಟು ಒಣಹುಲ್ಲು ಇದೆ. ಕೊಡ್ಲಾ, ನಿಮ್ಮ ಕುರಿಗಳಿಗೆ?"

"ಕೇಳಿದ್ನಾ?" ಅಂದಳು ಅಮ್ಮ. ಎರಡು ಹೆಜ್ಜೆ ಈಚೆ ಬಂದು ನಿಂತಳು. ಬೆನ್ನು ತಿರುಗಿಸಿಕೊಂಡೇ, "ಎಷ್ಟಿದೆ?" ಅಂದಳು.

ಮಳೆ ಒಂದಿಷ್ಟು ಬಿಡುವು ಕೊಟ್ಟಾಗ ಅಪ್ಪ ಬಂದ. ಬಂದವನಿಗೆ ಟೀ ಕೊಡುವ ಬದಲು ಅಮ್ಮ ಕೈಗೆ ಸುತ್ತಿಗೆ ಕೊಟ್ಟಳು. ಅವನು ತಗಡುಗಳ ಮೊಳೆ ಕೀಳತೊಡಗಿದ. ಯಾಕೆ ಎಂದು ಕೇಳಲಿಲ್ಲ, ಸಂಸಾರ ಮಾಡಿ ಅನುಭವವಿದ್ದವನು. ನಾನು ಪೊರಕೆ ಹಿಡಿದು ನೆಲದ ನೀರನ್ನೆಲ್ಲ ಹೊರಗೆ ತಳ್ಳಿದೆ. ಚಿಕ್ಕಪ್ಪ ಹುಲ್ಲಿನ ಹೊರೆಗಳನ್ನು ಕಿರುಬಾಗಿಲಿನಿಂದ ಒಂದೊಂದಾಗಿ ದಾಟಿಸಿದ. ಅಮ್ಮ ಹರಡಿದಳು, ಗಡಿಬಿಡಿಯಿಂದಲೇ. ಸಂತೆ ಬಂದರೆ ಜಾಸ್ತಿ ಇರುವ ಕುರಿಗಳನ್ನು ಮಾರಿಬಿಡು ಎಂದು ಹುಲ್ಲಿನ ಧೂಳಿಗೆ ಸೀನುತ್ತಾ ಅಪ್ಪನಿಗೆ ಹೇಳಿದಳು.

ಕುರಿಗಳು ಮೊದಲು ಹುಲ್ಲಿನ ಅಂಚಿನಲ್ಲಿ ನಿಂತು ಮೂಸಿದವು. ಕುಂಟುವುದೊಂದು ಮುಂದೆ ಬಂದು ಮಂಡಿಯೂರಿತು, ಕೂತಿತು, ಕೊರಳು ಚಾಚಿ ಹುಲ್ಲಿನ ಮೇಲೆ ಗದ್ದವಿಟ್ಟಿತು. ಅದನ್ನು ನೋಡಿ ಇನ್ನೊಂದು. ಕತ್ತಲಾಗುವ ಮುಂಚೆಯೇ ಇಡೀ ಶೆಡ್ಡು ನಿದ್ದೆ ಹೋಗಿತ್ತು, ಒಂದೆರಡು ಗೊರಕೆಯನ್ನೂ ಹೊಡೆಯುತ್ತಿದ್ದವು. ಅಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಗೋಡೆಯಾಚೆಯಿಂದ ಹೊಸ ಮರಿಯ ಸಣ್ಣ ದನಿ ಕೇಳಿಸಿತು, ಅದಕ್ಕೆ ಯಜಮಾನಿ ಉತ್ತರ ಕೊಟ್ಟಿತು. ಅಮ್ಮನ ನಾಲಿಗೆ ಕರೆಯುವ ಸದ್ದಿಗೆ ಮಡಿಸಿಕೊಂಡದ್ದನ್ನು ನಾನು ನೋಡಿದೆ. ಕರೆಯಲಿಲ್ಲ.

"ಹೊಟ್ಟೆ ಉರೀತಿದೆಯಾ?" ಅಂದೆ, ಎಂದಿನ ಹಾಗೆ ಕೆಣಕಲು. ದನಿ ಮಾತ್ರ ಎಂದಿನ ಹಾಗೆ ಬರಲಿಲ್ಲ.

"ಉರೀದೇ ಇರುತ್ತಾ? ಧಗಧಗ ಅಂತಿದೆ," ಅಂದಳು ಅಮ್ಮ, ಮೂಗು ಒರೆಸಿಕೊಂಡು. "ನನ್ನ ಹೊಟ್ಟೆ, ನಾನು ಉರ್ಕೋತೀನಿ. ಅದಕ್ಕೆ ಕುರಿ ಯಾಕೆ ನಿಂತಿರ್ಬೇಕು?"